ಏಳು ದಿನದ ಶಿಬಿರವೂ ನೂರಿಪ್ಪತ್ತು ಗಂಟೆಗಳೂ

ಕೃಷ್ಣೆ ಘಟಪ್ರಭೆಗಳೆರಡೂ ಏಕಕಾಲಕ್ಕೆ ದಡ ಮೀರಿದ 2019ರ ಆಗಸ್ಟ್ ತಿಂಗಳನ್ನು ಜಮಖಂಡಿ, ರಬಕವಿ-ಬನಹಟ್ಟಿ, ಮುಧೋಳಗಳ ಸೀಮೆ ಸುಲಭವಾಗಿ ಮರೆಯಲಾರದು. ನೆರೆ ಬಂದಾಗ ಎತ್ತರದ ಶಾಲೆ ಊರವರಿಗೆ ಆಶ್ರಯವಾಗುತ್ತದೆ. ತಗ್ಗಿನ ಶಾಲೆ ತಾನೇ ಮುಳುಗುತ್ತದೆ. ಹೇಗಾದರೂ ಪಾಠ ನಿಲ್ಲುವುದೇ. ನೀರಿಳಿದ ಮೇಲೆ ದೂರದೂರುಗಳಿಂದ ಸ್ವಯಂಸೇವಕರು ಬಂದು ಪಾಟಿಚೀಲ, ನೋಟುಬುಕ್ಕುಗಳನ್ನು ಹಂಚುತ್ತಾರೆ. ಒದ್ದೆಯಾದ ಪುಸ್ತಕವನ್ನು ಬಿಸಿಲಿಗೆ ಹರವಿ ಕುಳಿತ ಮಗುವನ್ನು ಕಂಡವನು ಆ ಕಾರ್ಯವನ್ನು ಹಳಿಯಲಾರ. ಆದರೆ ಅವರ ವಾಹನ ಹೊರಟುಹೋದ ಮರುದಿನ, ಆ ನೋಟುಬುಕ್ಕಿನ ಮೊದಲ ಹಾಳೆಯಲ್ಲಿ ಏನು ಬರೆಯಿಸಬೇಕೆಂಬ ಹೊಣೆ ಊರಿನ ಮಾಸ್ತರರ ಮೇಲೆಯೇ ಬೀಳುತ್ತದೆ.

ಬಂದು ಹೋಗುವ ಸೇವೆಯಲ್ಲದೆ ಬಂದು ನೆಲೆಸುವ ಸೇವೆಯನ್ನೂ ಈ ಕೃಷ್ಣಾತೀರ ಕಂಡಿದೆ. ಬನವಾಸಿಯಲ್ಲಿ 1886ರಲ್ಲಿ ಹುಟ್ಟಿದ ಹರ್ಡೇಕರ ಮಂಜಪ್ಪನವರು ಸ್ವದೇಶಿ ಚಳವಳಿಯ ಕಾವಿನಲ್ಲಿ ಶಿರಸಿಯ ಮಾಸ್ತರಿಕೆಯನ್ನು ಬಿಟ್ಟರು. 1906ರಲ್ಲಿ ದಾವಣಗೆರೆಯಲ್ಲಿ ‘ಧನುರ್ಧಾರಿ’ ಪತ್ರಿಕೆಯನ್ನು ಹೊರಡಿಸಿದರು. ಕಡೆಗೆ ಆಲಮಟ್ಟಿಗೆ ಬಂದು ವಿದ್ಯಾಲಯವನ್ನು ಕಟ್ಟಿ, 1947ರಲ್ಲಿ ತೀರಿಕೊಳ್ಳುವವರೆಗೆ ಅದನ್ನೇ ತಮ್ಮ ಮನೆಯಾಗಿಸಿಕೊಂಡರು. ಬೆಳಗಾವಿಯಲ್ಲಿ 1916ರಲ್ಲಿ ಕರ್ನಾಟಕ ಲಿಂಗಾಯತ ಶಿಕ್ಷಣ ಸಂಸ್ಥೆಗೆ ಅಡಿಗಲ್ಲಾದ ಏಳು ಮಂದಿ ಶಿಕ್ಷಕರೂ ಇದೇ ಜಾತಿಯ ಜನ. ನಾಡು ಅವರನ್ನು ಸಪ್ತರ್ಷಿಗಳೆಂದು ಕರೆದದ್ದು ಸುಮ್ಮನೆ ಅಲ್ಲ.

ಎಲ್ಲರೂ ಮಂಜಪ್ಪನವರಾಗಬೇಕೆಂದರೆ ಯಾರೂ ಹೊರಡಲಾರರು. ಆದುದರಿಂದ ನಡುವಣ ದಾರಿಯೊಂದನ್ನು ನೋಡಬೇಕು. ಅದು ನಮ್ಮ ಕಾಲೇಜುಗಳಲ್ಲಿಯೇ ಉಂಟು. ಗಾಂಧೀಜಿಯವರ ಶತಾಬ್ದಿಯ ವರುಷ, 1969ರಲ್ಲಿ, 37 ವಿಶ್ವವಿದ್ಯಾಲಯಗಳಲ್ಲಿ ಆರಂಭವಾದ ರಾಷ್ಟ್ರೀಯ ಸೇವಾ ಯೋಜನೆಗೆ ಎರಡು ಮುಖ: ಹಳ್ಳಿಯಲ್ಲಿ 7 ದಿನಗಳ ವಿಶೇಷ ಶಿಬಿರ, ವರುಷಕ್ಕೆ 120 ಗಂಟೆಗಳ ನಿತ್ಯಸೇವೆ. ಶಿಬಿರವನ್ನು ಎಲ್ಲರೂ ಬಲ್ಲರು. ಪ್ರಭಾತಫೇರಿ, ಶಾಲೆಯ ಗೋಡೆಗೆ ಸುಣ್ಣ, ಸಂಜೆಗೆ ಮನರಂಜನೆ, ಸಮಾರೋಪಕ್ಕೆ ಅತಿಥಿಗಳ ಭಾಷಣ, ಪತ್ರಿಕೆಗೆ ಭಾವಚಿತ್ರ. 120 ಗಂಟೆಗಳಿಗೆ ಭಾವಚಿತ್ರವಿಲ್ಲ. ಬಹುಶಃ ಅದಕ್ಕಾಗಿಯೇ ಅದು ಅನೇಕ ಕಡೆ ದಾಖಲೆ ಪುಸ್ತಕದಲ್ಲಿ ಮಾತ್ರ ನಡೆಯುತ್ತದೆ.

ಶಾಲೆಗೆ ಬೇಕಾದದ್ದು ಆ ಗಂಟೆಗಳೇ. ರಬಕವಿ-ಬನಹಟ್ಟಿಯ ನೇಕಾರರ ಮನೆಯಲ್ಲಿ ಮಗ್ಗದ ಸದ್ದಿಗೆ ಬಿಡುವಿಲ್ಲ. ಶಾಲೆಯಿಂದ ಬಂದ ಮಗು ಕಂಡಿಕೆ ಸುತ್ತಲು ಕೂತರೆ ಅದರ ಓದಿಗೆ ಕಿವಿಗೊಡುವವರು ಯಾರು? ಬೀಳಗಿಯ ಕಡೆ ಆಲಮಟ್ಟಿ ಹಿನ್ನೀರಿಗೆ ಊರು ಬಿಟ್ಟು, ಪುನರ್ವಸತಿ ಕೇಂದ್ರಗಳಲ್ಲಿ ಹೊಸದಾಗಿ ಬೇರೂರಿದ ಕುಟುಂಬಗಳಿವೆ. ಮುಧೋಳ, ಜಮಖಂಡಿಗಳ ಕಬ್ಬಿನ ಗದ್ದೆಗಳಿಗೆ ಹೊರಗಿನಿಂದ ಬರುವ ಕಟಾವಿನವರ ಮಕ್ಕಳ ಪಾಡು ಇನ್ನೂ ಕಠಿನ: ಹೆಸರು ಒಂದೂರಿನ ಹಾಜರಿ ಪುಸ್ತಕದಲ್ಲಿ, ಮಗು ಇನ್ನೊಂದೂರಿನ ಗುಡಿಸಲಿನಲ್ಲಿ.

ಲೆಕ್ಕವೂ ಸರಳ. ವಾರಕ್ಕೆ 3 ಗಂಟೆಯಂತೆ 40 ವಾರಗಳಾದರೆ 120 ಗಂಟೆ. ಹೆಚ್ಚುಕಡಿಮೆ ಒಂದು ಶಾಲಾವರ್ಷ. ಒಬ್ಬ ವಿದ್ಯಾರ್ಥಿ, ಹತ್ತಿರದ ಒಂದು ಶಾಲೆ, ಓದಲು ತಡವರಿಸುವ ನಾಲ್ಕೈದು ಮಕ್ಕಳು. ಯಾವ ಮಕ್ಕಳೆಂಬುದನ್ನು ಮುಖ್ಯೋಪಾಧ್ಯಾಯರೂ, 2001ರಿಂದೀಚೆಗೆ ಪ್ರತಿ ಸರಕಾರಿ ಶಾಲೆಗೂ ಇರುವ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯೂ ಹೇಳಲಿ. ಬಂದವರು ತಾವೇ ಆರಿಸಿಕೊಳ್ಳುವುದು ಬೇಡ. ಕಟಾವಿನ ಮಕ್ಕಳಿಗಾದರೆ ಅಷ್ಟು ವಾರಗಳ ಅವಕಾಶವೂ ಇಲ್ಲ. ದೀಪಾವಳಿಯ ಆಸುಪಾಸಿನಲ್ಲಿ ಕಾರ್ಖಾನೆಗಳು ಕಬ್ಬು ನುರಿಸಲು ತೊಡಗುತ್ತವೆ. ಕಾಲೇಜಿನವರು ಶಿಬಿರದ ಊರನ್ನು ಗೊತ್ತುಮಾಡುವ ಹೊತ್ತಿಗೆ ಆ ಗುಡಿಸಲುಗಳು ಗದ್ದೆಯ ಬದಿಯಲ್ಲಿ ಎದ್ದಿರುತ್ತವೆ.