ಕಿರುಚಿದ್ದು ಪಿಟೀಲು, ಬೆಚ್ಚಿದ್ದು ನಾವು!

ಸ್ನಾನದ ಕೋಣೆ. ಸುರಿಯುವ ನೀರು. ಪರದೆ ಸರಕ್ಕನೆ ಸರಿಯುತ್ತದೆ, ಚಾಕು ಮೇಲೇಳುತ್ತದೆ! 1960ರ ‘ಸೈಕೋ’ ಚಿತ್ರದ ಆ ದೃಶ್ಯ ಇವತ್ತಿಗೂ ಎದೆ ನಡುಗಿಸುತ್ತದೆ. ಆದರೆ ನಡುಗಿಸುವುದು ಚಾಕುವೇ? ಅಲ್ಲ, ಪಿಟೀಲು!

ನಂಬುತ್ತೀರಾ? ಈ ದೃಶ್ಯಕ್ಕೆ ಸಂಗೀತವೇ ಬೇಡ ಎಂದಿದ್ದರು ನಿರ್ದೇಶಕ ಆಲ್‌ಫ್ರೆಡ್ ಹಿಚ್‌ಕಾಕ್. ಸಂಗೀತ ನಿರ್ದೇಶಕ ಬರ್ನಾರ್ಡ್ ಹರ್ಮನ್ ಮಾತು ಕೇಳಲಿಲ್ಲ, ಬರೆದೇಬಿಟ್ಟರು. ಡ್ರಮ್ಮಿಲ್ಲ, ಕಹಳೆಯಿಲ್ಲ, ಬರೀ ತಂತಿವಾದ್ಯಗಳು! ತಾರಕದಲ್ಲಿ ಕಮಾನು ಕಚ್ಚಿ ಕಚ್ಚಿ ಎಳೆಯುತ್ತದೆ. ಒಂದು ಗುಂಪಿನ ಬೆನ್ನಿಗೇ ಇನ್ನೊಂದು ಗುಂಪು, ಒಂದರ ಸ್ವರ ಇನ್ನೊಂದಕ್ಕೆ ಸೇರದಂತೆ ನುಗ್ಗುತ್ತದೆ. ಕೇಳಿದ್ದೇ ತಡ, ಹಿಚ್‌ಕಾಕ್ ಸೋತರು!

ಆ ಕರ್ಕಶಕ್ಕೆ ನಾವೇಕೆ ಬೆಚ್ಚುತ್ತೇವೆ? ಉತ್ತರದ ಒಂದು ಎಳೆ ಸಿಕ್ಕಿದ್ದು ಸ್ಟುಡಿಯೋದಲ್ಲಲ್ಲ, ಅಮೆರಿಕದ ಬೆಟ್ಟಗಾಡಿನಲ್ಲಿ! ಅಳಿಲಿನ ಬಳಗಕ್ಕೇ ಸೇರಿದ, ಬಿಲದಲ್ಲಿ ಬಾಳುವ ಮಾರ್ಮಟ್ ಎಂಬ ಪ್ರಾಣಿಯನ್ನು ಜೀವವಿಜ್ಞಾನಿ ಡೇನಿಯಲ್ ಬ್ಲಮ್‌ಸ್ಟೀನ್ ವರ್ಷಗಟ್ಟಲೆ ಅಭ್ಯಾಸ ಮಾಡಿದವರು. ಹಿಡಿದಾಗ ಅದರ ಮರಿ ಚೀರುವುದುಂಟು. ಭಯ ಮಿತಿಮೀರಿದಾಗ ಗಂಟಲು ಹಿಡಿತ ತಪ್ಪುತ್ತದೆ. ದನಿ ಒಡೆಯುತ್ತದೆ, ಗೊರಗೊರ ಸೇರುತ್ತದೆ, ಸ್ಥಾಯಿ ಥಟ್ಟನೆ ಹಾರುತ್ತದೆ. ಕೇಳಿದ ಮನುಷ್ಯನ ಕರುಳು ಚುರುಕ್ ಎನ್ನುತ್ತದೆ! ಸಿನಿಮಾದವರಿಗೂ ಈ ಗುಟ್ಟು ಗೊತ್ತೇ? ಬ್ಲಮ್‌ಸ್ಟೀನ್ ತಂಡ 102 ಚಿತ್ರಗಳ ಧ್ವನಿಪಥ ಜಾಲಾಡಿ, 2010ರಲ್ಲಿ ಫಲಿತಾಂಶ ಪ್ರಕಟಿಸಿತು. ಭಯದ ಚಿತ್ರಗಳಲ್ಲಿ ಒಡಕು ಚೀರಾಟ ಎದ್ದು ಕಾಣುವಷ್ಟು ಹೆಚ್ಚು! ಕಾಡಿನ ಕೂಗನ್ನು ಸಿನಿಮಾದವರು ಬರೀ ಕಿವಿಯ ಅಂದಾಜಿನಲ್ಲೇ ಹಿಡಿದಿರಬೇಕು!

ಇನ್ನೂ ಸೋಜಿಗ ಕೇಳಿ. 2012ರಲ್ಲಿ ಬ್ಲಮ್‌ಸ್ಟೀನ್ ತಂಡ ಇಂಥ ಒಡಕು ದನಿ ಬೆರೆಸಿದ ಸಂಗೀತವನ್ನು ಜನರಿಗೆ ಕೇಳಿಸಿತು, ಉದ್ವೇಗ ಏರಿತು. ಅದೇ ಸಂಗೀತದ ಜೊತೆ ಸಪ್ಪೆ ವಿಡಿಯೋ ತೋರಿಸಿದಾಗ ಉದ್ವೇಗ ಇಳಿಯಿತು. ಆದರೆ ಏನೋ ಸರಿಯಿಲ್ಲ ಎಂಬ ಕಸಿವಿಸಿ ಹೋಗಲೇ ಇಲ್ಲ. ಕಣ್ಣು ಸಮಾಧಾನ ಹೇಳಿದರೂ ಕಿವಿ ಒಪ್ಪಲಿಲ್ಲ!

ಹೆದರಿಸಲು ಸಂಗೀತ ಕಿರುಚಲೇಬೇಕೆಂದೂ ಇಲ್ಲ. 1975ರ ‘ಜಾಸ್’ ಚಿತ್ರೀಕರಣದಲ್ಲಿ ಯಂತ್ರದ ಶಾರ್ಕ್ ಮತ್ತೆ ಮತ್ತೆ ಕೆಟ್ಟು ನಿಂತಿತು, ಅದನ್ನು ತೋರಿಸುವುದೇ ಕಷ್ಟವಾಯಿತು. ಸಂಗೀತ ನಿರ್ದೇಶಕ ಜಾನ್ ವಿಲಿಯಮ್ಸ್ ಅಕ್ಕಪಕ್ಕದ ಎರಡೇ ಸ್ವರ ನುಡಿಸಿ ತೋರಿಸಿದಾಗ ಚಿತ್ರದ ನಿರ್ದೇಶಕ ಸ್ಪೀಲ್‌ಬರ್ಗ್ ತಮಾಷೆಯೆಂದು ನಕ್ಕರಂತೆ! ತೆರೆಯ ಮೇಲೆ ಆ ಎರಡು ಸ್ವರಗಳೇ ಶಾರ್ಕ್ ಆದವು. ಮಂದ್ರದಲ್ಲಿ ನಿಧಾನ, ಆಮೇಲೆ ವೇಗ, ಇನ್ನೂ ವೇಗ. ಪ್ರಾಣಿ ಕಾಣಲಿಲ್ಲ, ಅದು ಹತ್ತಿರವಾಗುವುದು ಮಾತ್ರ ಕೇಳಿಸಿತು! ವಿಲಿಯಮ್ಸ್‌ಗೆ ಆಸ್ಕರ್ ಬಂತು.

ಹೆದರಿ ಕಣ್ಣು ಮುಚ್ಚಿಕೊಳ್ಳುವವರೇ, ನೀವು ಬಾಗಿಲು ಹಾಕುತ್ತಿರುವುದು ತಪ್ಪು ಕಡೆ. ಮುಂದಿನ ಸಲ ಕಿವಿ ಮುಚ್ಚಿಕೊಂಡು ನೋಡಿ!