ಊಟ ಹಾಕಿದವರಿಗೇ ಉತಾರವೇ?

ಅಪ್ಪನಿಗೋ ಅವ್ವನಿಗೋ ಮರೆವಿನ ಕಾಯಿಲೆ ಹತ್ತಿದಾಗ ಬೆಳಗಾವಿ, ಖಾನಾಪುರದ ಮನೆಗಳಲ್ಲಿ ಏಳುವ ತಕರಾರಿಗೆ ಹಿರಿಯರ ಬಳಿ ಒಂದು ಸಿದ್ಧ ತೀರ್ಪಿದೆ: ‘ಯಾರು ನೋಡಿಕೋತಾರ, ಹೊಲಾ-ಮನಿ ಅವರಿಗೆ.’ ಕೇಳಲು ನ್ಯಾಯವಾಗಿಯೇ ಇದೆ. ಹೆತ್ತವರ ಬುದ್ಧಿ ನೆಟ್ಟಗಿರುವಾಗ ಇದರಲ್ಲಿ ತಪ್ಪೂ ಇಲ್ಲ. ತಾನು ಗಳಿಸಿದ್ದನ್ನು ತನ್ನನ್ನು ಸಾಕಿದ ಮಗನಿಗೋ ಮಗಳಿಗೋ ಕೊಡುವುದು ಮುದುಕರ ಹಕ್ಕು. ಆದರೆ ಕೊಡುವ ಮನಸ್ಸೇ ಕರಗುತ್ತಿರುವಾಗ ಇದೇ ಮಾತು ತಲೆಕೆಳಗಾಗುತ್ತದೆ. ಆಗ ಅವ್ವ ಯಾರ ಮನೆಯಲ್ಲಿ ಇದ್ದಾಳೋ ಅವಳ ಹೆಬ್ಬೆಟ್ಟೂ ಅಲ್ಲೇ ಇರುತ್ತದೆ. ‘ಅವ್ವ ಈಗ ಯಾರ ಕಡೆ ಅದಾಳ?’ ಎಂಬ ಪ್ರಶ್ನೆ ಕ್ಷೇಮ ಸಮಾಚಾರದಂತೆ ಕೇಳಿಸಿದರೂ ಅದರೊಳಗೆ ಒಂದು ಸರ್ವೆ ನಂಬರ್ ಅಡಗಿರುತ್ತದೆ. ಇಂಥ ಜಗಳ ಕಂಡಾಗ ಮಕ್ಕಳ ದುರಾಸೆಯನ್ನು ಬೈದು ಸುಮ್ಮನಾಗುವುದು ಸುಲಭ. ಆರೈಕೆಯನ್ನೂ ಆಸ್ತಿಯನ್ನೂ ಒಂದೇ ಗಂಟಿನಲ್ಲಿ ಕಟ್ಟುವ ರೂಢಿಯೇ ಆ ದುರಾಸೆಗೆ ದಾರಿ ಮಾಡಿಕೊಡುತ್ತದೆ, ಗಂಟು ಬಿಚ್ಚಿದರೆ ಅರ್ಧ ಜಗಳ ಹುಟ್ಟುವುದೇ ಇಲ್ಲ ಎಂಬುದು ನನ್ನ ವಾದ.

ದೇಶದ ಹಿರಿಯರ ಮೇಲೆ ನಡೆದ ಲಾಸಿ-ಡ್ಯಾಡ್ ಅಧ್ಯಯನ 2023ರಲ್ಲಿ ಪ್ರಕಟಿಸಿದ ಅಂದಾಜಿನಂತೆ, 60 ದಾಟಿದವರಲ್ಲಿ ಶೇ 7.4ರಷ್ಟು ಮಂದಿಗೆ, ಅಂದರೆ ಸುಮಾರು 88 ಲಕ್ಷ ಜನರಿಗೆ ಈ ಮರೆವಿನ ಕಾಯಿಲೆ, ಡಿಮೆನ್ಷಿಯಾ, ಇದೆ; ಗಂಡಸರಿಗಿಂತ ಹೆಂಗಸರಲ್ಲಿ, ಪಟ್ಟಣಕ್ಕಿಂತ ಹಳ್ಳಿಯಲ್ಲಿ ಹೆಚ್ಚು. ಈ ಕಾಯಿಲೆಯ ಸ್ವಭಾವವೇ ಕಾಗದಪತ್ರಗಳಿಗೆ ಅಪಾಯಕಾರಿ. ನಿನ್ನೆ ನಡೆದದ್ದು ಮೊದಲು ಅಳಿಸುತ್ತದೆ. ಹಳೆಯ ನೆನಪು, ನಯ, ಮಾತಿನ ಧಾಟಿ ಬಹುಕಾಲ ಉಳಿಯುತ್ತವೆ. ಹಾಗಾಗಿ ಉಪನೋಂದಣಿ ಕಚೇರಿಯಲ್ಲಿ ಕುಳಿತ ಅಜ್ಜಿ ತನ್ನ ಹೆಸರು, ಗಂಡನ ಹೆಸರು, ತವರೂರು ಎಲ್ಲವನ್ನೂ ಸರಿಯಾಗಿ ಹೇಳಬಲ್ಲಳು, ಮುಂದಿರುವುದು ಬಕ್ಷೀಸ್ ಪತ್ರವೋ ಪಿಂಚಣಿ ಅರ್ಜಿಯೋ ಎಂಬುದು ಮಾತ್ರ ಆಕೆಗೆ ತಿಳಿದಿರುವುದಿಲ್ಲ. ಬುದ್ಧಿ ಸ್ವಾಧೀನದಲ್ಲಿಲ್ಲವೆಂದು ಕಂಡರೆ ನೋಂದಣಿ ನಿರಾಕರಿಸಬೇಕೆಂದು 1908ರ ನೋಂದಣಿ ಕಾಯ್ದೆ ಅಧಿಕಾರಿಗೆ ಹೇಳುತ್ತದೆ. ಆದರೆ ಐದು ನಿಮಿಷದಲ್ಲಿ ಏನು ಕಾಣಬೇಕು? ವೈದ್ಯರ ಪರೀಕ್ಷೆಗೂ ತನ್ನದೇ ತೊಡಕಿದೆ. ನೆನಪಿನ ಪರೀಕ್ಷೆಗಳಲ್ಲಿ ಬಹುಪಾಲು ಓದುಬರಹ ಬಲ್ಲವರಿಗಾಗಿ ಹುಟ್ಟಿದವು. ಖಾನಾಪುರದ ಕಾಡಂಚಿನಲ್ಲಿ ಮರಾಠಿಯನ್ನೋ ಕೊಂಕಣಿಯನ್ನೋ ಮಾತ್ರ ಆಡುತ್ತ ಬದುಕಿದ, ಶಾಲೆಯ ಮುಖ ಕಾಣದ ಹೆಣ್ಣುಮಗಳಿಗೆ ಕನ್ನಡದಲ್ಲೋ ಇಂಗ್ಲಿಷಿನಲ್ಲೋ ಪ್ರಶ್ನೆ ಹಾಕಿ ಅಂಕ ಕೊಟ್ಟರೆ, ಆ ಅಂಕ ಕಾಯಿಲೆಯನ್ನು ಅಳೆಯಿತೋ ಅಕ್ಷರವನ್ನು ಅಳೆಯಿತೋ ಗೊತ್ತಾಗದು. ಹೀಗೆ ಹುಟ್ಟಿದ ಎರಡು ವಿರುದ್ಧ ಸರ್ಟಿಫಿಕೇಟುಗಳು ಇಬ್ಬರು ಮಕ್ಕಳ ಕೈಯಲ್ಲಿರುವುದು ಆಶ್ಚರ್ಯವಲ್ಲ.

ಕಾಗದದ ಬಗ್ಗೆ ಒಂದು ತಪ್ಪು ತಿಳಿವಳಿಕೆ ಎಷ್ಟು ಗಟ್ಟಿಯಾಗಿದೆ ಎಂದರೆ, ಓದಿದವರೂ ಅದನ್ನು ನಂಬುತ್ತಾರೆ: ‘ಅಪ್ಪನ ಹತ್ರ ಮುಖತ್ಯಾರ ಪತ್ರ ಮಾಡಿಸ್ಕೊಂಡೇವಿ, ಇನ್ನ ಚಿಂತಿಲ್ಲ.’ 1872ರ ಕರಾರು ಕಾಯ್ದೆಯ ಪ್ರಕಾರ ಅಧಿಕಾರ ಕೊಟ್ಟವನ ಬುದ್ಧಿ ಸ್ವಾಧೀನ ತಪ್ಪಿದ ಕ್ಷಣವೇ ಮುಖತ್ಯಾರಿಕೆ ಮುಗಿಯಿತು. ಯಾವ ದಿನಕ್ಕಾಗಿ ಬರೆಸಿದ್ದೋ ಆ ದಿನವೇ ಅದು ಸತ್ತಿರುತ್ತದೆ. ಸ್ವಸ್ಥ ಬುದ್ಧಿ ಇಲ್ಲದಾಗ ಬರೆದ ಮೃತ್ಯುಪತ್ರಕ್ಕೂ ಬೆಲೆ ಇಲ್ಲ. ಆದರೂ ತಹಶೀಲ್ದಾರ್ ಕಚೇರಿಗೆ ಹಕ್ಕು ಬದಲಾವಣೆಯ ವರ್ದಿ ಹೋಗುತ್ತದೆ, ಉತಾರದಲ್ಲಿ, ಅಂದರೆ ಪಹಣಿಯಲ್ಲಿ, ಹೆಸರು ಬದಲಾಗುತ್ತದೆ, ಪಟ್ಟಣದಲ್ಲಾದರೆ ಸಿಟಿ ಸರ್ವೆಯ ಕಾರ್ಡಿನಲ್ಲಿ. ಅವ್ವನಿಗೆ ಮರೆವಿದೆ ಎಂಬುದು ಕೆಲವು ಮಕ್ಕಳಿಗೆ ಹೊಳೆಯುವುದೇ ಈ ಬದಲಾವಣೆಯ ನೋಟಿಸು ಕೈಗೆ ಬಂದಮೇಲೆ! ಹೆಣ್ಣುಮಕ್ಕಳೂ ಈಗ ಈ ಕಣದಲ್ಲಿದ್ದಾರೆ. ಪಿತ್ರಾರ್ಜಿತದಲ್ಲಿ ಮಗಳಿಗೆ ಸಮಪಾಲು ಕರ್ನಾಟಕದಲ್ಲಿ 1994ರಲ್ಲೇ ಬಂತು, ದೇಶಕ್ಕೆಲ್ಲ 2005ರಲ್ಲಿ. 2020ರಲ್ಲಿ ವಿನೀತಾ ಶರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಉಳಿದ ಗೊಂದಲವನ್ನೂ ತೆಗೆಯಿತು. ಗೋವಾ ಹೆದ್ದಾರಿಯ ಆಚೀಚೆ ಭೂಮಿಯ ಬೆಲೆ ಏರಿದಂತೆ, ಹತ್ತು ವರ್ಷದ ಹಿಂದೆ ಯಾರೂ ಕೇಳದ ಎರಡೆಕರೆಗೆ ಪುಣೆಯಿಂದಲೂ ಮಡಗಾಂವದಿಂದಲೂ ವಾರಸುದಾರರು ಬಂದಿಳಿಯುತ್ತಾರೆ.

ಹಳೆಯ ಕಾನೂನಿಗೆ ಈ ಅಪಾಯ ಚೆನ್ನಾಗಿ ಗೊತ್ತಿತ್ತು. ಬೆಳಗಾವಿ ಮುಂಬೈ ಪ್ರಾಂತ್ಯದಲ್ಲಿದ್ದಾಗ ಜಾರಿಯಲ್ಲಿದ್ದ 1912ರ ಕಾಯ್ದೆ, ಬುದ್ಧಿ ಸ್ವಾಧೀನವಿಲ್ಲದ ವ್ಯಕ್ತಿಯ ದೇಹದ ಪಾಲಕನಾಗಿ ಅವನ ವಾರಸುದಾರನನ್ನು ನೇಮಿಸಬಾರದೆಂದಿತ್ತು. ನೇಮಿಸಲೇಬೇಕಾದರೆ ಅದು ರೋಗಿಯ ಹಿತಕ್ಕೇ ಎಂದು ಕೋರ್ಟು ಕಾರಣ ಬರೆದಿಡಬೇಕಿತ್ತು. ಯಾರ ಸಾವಿನಿಂದ ನನಗೆ ಲಾಭವೋ ಅವರ ಮಾತ್ರೆ-ಊಟ ನನ್ನ ಕೈಯಲ್ಲಿರಬಾರದು ಎಂಬ ಕಟು ವಿವೇಕ ಅದರಲ್ಲಿತ್ತು. 1987ರ ಮಾನಸಿಕ ಆರೋಗ್ಯ ಕಾಯ್ದೆಯೂ ವ್ಯಕ್ತಿಗೆ ಒಬ್ಬ ಪಾಲಕ, ಆಸ್ತಿಗೆ ಬೇರೆ ವ್ಯವಸ್ಥಾಪಕ ಎಂದು ಎರಡು ಹುದ್ದೆ ಇಟ್ಟು, ವ್ಯವಸ್ಥಾಪಕ ವರ್ಷವರ್ಷ ಲೆಕ್ಕ ಒಪ್ಪಿಸಬೇಕೆಂದಿತು. ಅದನ್ನು ರದ್ದುಮಾಡಿ ಬಂದ 2017ರ ಮಾನಸಿಕ ಆರೋಗ್ಯ ಪಾಲನಾ ಕಾಯ್ದೆ ರೋಗಿಯ ಹಕ್ಕಿನ ವಿಷಯದಲ್ಲಿ ಬಹಳ ಮುಂದಿದೆ, ಆದರೆ ಆಸ್ತಿಯ ಅಧ್ಯಾಯವನ್ನೇ ಕೈಬಿಟ್ಟಿತು. ಅದರಲ್ಲಿರುವ ನಾಮನಿರ್ದೇಶಿತ ಪ್ರತಿನಿಧಿಗೆ ಚಿಕಿತ್ಸೆಯ ಮಾತಷ್ಟೇ ಸೇರಿದ್ದು, ಬ್ಯಾಂಕಿನ ಮಾತಲ್ಲ. 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆಯಡಿ ಜಿಲ್ಲಾಧಿಕಾರಿಯ ಸಮಿತಿ ಪಾಲಕರನ್ನು ನೇಮಿಸುವುದು ಆಟಿಸಂ, ಸೆರೆಬ್ರಲ್ ಪಾಲ್ಸಿ, ಬುದ್ಧಿಮಾಂದ್ಯದಂಥ ಸ್ಥಿತಿಗಳಿಗೆ. ಮುಪ್ಪಿನ ಮರೆವು ಆ ಪಟ್ಟಿಯಲ್ಲಿಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ‘ಸೀಮಿತ ಪಾಲಕತ್ವ’ ಎಂಬ ಒಳ್ಳೆಯ ಪರಿಕಲ್ಪನೆ ತಂದಿದೆ. ಇಡೀ ಬದುಕನ್ನು ಒಬ್ಬರಿಗೆ ಒಪ್ಪಿಸದೆ, ಇಂಥ ನಿರ್ಧಾರಕ್ಕೆ, ಇಷ್ಟು ಕಾಲಕ್ಕೆ, ವ್ಯಕ್ತಿಯ ಜೊತೆ ಸಮಾಲೋಚಿಸಿ ಎಂಬುದು ಅದರ ತಿರುಳು. ಇಷ್ಟರಲ್ಲಿ ದಾರಿ ಕಾಣದವರು ಸಂವಿಧಾನದ 226ನೇ ವಿಧಿ ಹಿಡಿದು ಹೈಕೋರ್ಟಿಗೆ ಹೋಗಬೇಕು. ಬೆಳಗಾವಿಯವರಿಗೆ ಅದು ಧಾರವಾಡದ ಪೀಠ. ಪ್ರಜ್ಞಾಹೀನ ಸ್ಥಿತಿಯಲ್ಲಿರುವವರಿಗಾಗಿ ಕೇರಳ ಹೈಕೋರ್ಟ್ 2019ರಲ್ಲಿ ರೂಪಿಸಿದ ಮಾರ್ಗಸೂಚಿಯಲ್ಲಿ ಹಳೆಯ ವಿವೇಕ ಮತ್ತೆ ತಲೆಯೆತ್ತಿದೆ: ವೈದ್ಯಕೀಯ ಮಂಡಳಿಯ ತಪಾಸಣೆ, ಆಸ್ತಿಯ ಪಟ್ಟಿ, ಕಾಲಕಾಲಕ್ಕೆ ಲೆಕ್ಕ.

ಕಾನೂನು ಬಲ್ಲವರ ಮನೆಯಲ್ಲೂ ಇದು ಎಲ್ಲಿಗೆ ಮುಟ್ಟುತ್ತದೆ ಎಂಬುದಕ್ಕೆ ಮಂಗಳೂರಿನಲ್ಲಿ ಹುಟ್ಟಿ ದೇಶದ ರಕ್ಷಣಾ ಸಚಿವರಾದ ಜಾರ್ಜ್ ಫರ್ನಾಂಡಿಸ್ ಅವರ ಕೊನೆಯ ವರ್ಷಗಳು ಸಾಕ್ಷಿ. 1974ರ ರೈಲ್ವೆ ಮುಷ್ಕರದಲ್ಲಿ ಲಕ್ಷಾಂತರ ಜನರನ್ನು ಮಾತಿನಿಂದಲೇ ನಡೆಸಿದ ಮನುಷ್ಯನಿಗೆ ಅಲ್ಝೈಮರ್ಸ್ ಬಂತು. 2010ರಲ್ಲಿ ಪತ್ನಿ ಲೈಲಾ ಕಬೀರ್ ಒಂದು ಕಡೆ, ಸಹೋದರರು ಒಂದು ಕಡೆ ದೆಹಲಿ ಹೈಕೋರ್ಟಿನಲ್ಲಿ ನಿಂತರು. ಫರ್ನಾಂಡಿಸ್ ಪತ್ನಿಯ ಬಳಿಯೇ ಇರಲಿ, ಸಹೋದರರು ಬಂದು ನೋಡಲಿ ಎಂದಾಯಿತು. ದೀರ್ಘಕಾಲದ ರಾಜಕೀಯ ಒಡನಾಡಿ ಜಯಾ ಜೇಟ್ಲಿ ಅವರು ಬರೀ ನೋಡಿಬರುವುದಕ್ಕೆ 2012ರಲ್ಲಿ ಸುಪ್ರೀಂ ಕೋರ್ಟಿನ ಅನುಮತಿ ಪಡೆಯಬೇಕಾಯಿತು. ಯಾರು ಸರಿ ಎಂಬ ಚರ್ಚೆ ಇಲ್ಲಿ ಬೇಡ. ನನಗೆ ಮುಖ್ಯವೆನಿಸುವುದು, ಆ ಹೊತ್ತಿಗೆ ಅವರನ್ನೇ ಕೇಳಿ ಇತ್ಯರ್ಥ ಮಾಡುವ ಕಾಲ ಮೀರಿತ್ತು ಎಂಬುದು. ಮತ್ತು ಭೇಟಿಯಂಥ ಸಣ್ಣ ಸಂಗತಿಯೂ ವ್ಯಾಜ್ಯವಾಯಿತು ಎಂಬುದು. ಬೆಳಗಾವಿಯ ತಂಗಿಯನ್ನು ಅಣ್ಣನ ಮನೆಯ ಬಾಗಿಲಲ್ಲಿ ತಡೆದರೆ ಆಕೆಗೆ ದೆಹಲಿಯ ವಕೀಲರು ಸಿಗುವುದಿಲ್ಲ.

ಹಾಗಾದರೆ ಗಂಟು ಬಿಚ್ಚುವುದು ಹೇಗೆ? ಇಂಗ್ಲೆಂಡಿನ 2005ರ ಕಾಯ್ದೆಯಲ್ಲಿ ಬುದ್ಧಿ ತಪ್ಪಿದ ಮೇಲೂ ಉಳಿಯುವ ಮುಖತ್ಯಾರಿಕೆ ಇದೆ, ಅದೂ ಎರಡು ಪ್ರತ್ಯೇಕ ಪತ್ರಗಳಾಗಿ: ಆರೋಗ್ಯ-ಕ್ಷೇಮಕ್ಕೆ ಒಂದು, ಹಣ-ಆಸ್ತಿಗೆ ಒಂದು. ನಮ್ಮಲ್ಲಿ ಅದಿಲ್ಲವಾದರೂ ಇರುವ ಸಾಮಗ್ರಿಯಿಂದಲೇ ಬಹಳಷ್ಟು ಕಟ್ಟಬಹುದು, ಕಾಯಿಲೆಯ ಮೊದಲ ಹಂತದಲ್ಲಿ ಕೈಹಾಕಿದರೆ. ಚಿಕಿತ್ಸೆಯ ಪ್ರತಿನಿಧಿಯನ್ನು ಬಿಳಿ ಹಾಳೆಯ ಮೇಲೆ ಸಹಿ ಅಥವಾ ಹೆಬ್ಬೆಟ್ಟು ಒತ್ತಿ ಹೆಸರಿಸಿದರೆ ಸಾಕು. ಸ್ವಂತ ಆಸ್ತಿಗೆ 1882ರ ಕಾಯ್ದೆಯಡಿ ಖಾಸಗಿ ಟ್ರಸ್ಟ್ ಬರೆದಿಟ್ಟರೆ ಅದು ಮುಖತ್ಯಾರ ಪತ್ರದಂತೆ ನಡುದಾರಿಯಲ್ಲಿ ಸಾಯುವುದಿಲ್ಲ. ಇಬ್ಬರು ಟ್ರಸ್ಟಿಗಳಿರಲಿ, ಅವರಲ್ಲೊಬ್ಬರು ಆರೈಕೆ ಮಾಡದವರಿರಲಿ. ಓಡಾಡಲಾಗದವರ ಮನೆಗೇ ಉಪನೋಂದಣಾಧಿಕಾರಿ ಬರಲು ಕಾನೂನಿನಲ್ಲಿ ಅವಕಾಶವಿದೆ. ಆರೈಕೆ ಮಾಡುವವರಿಗೆ ಹೊಲದ ಲಾವಣಿಯಿಂದಲೋ ಬಾಡಿಗೆಯಿಂದಲೋ ಪಿಂಚಣಿಯಿಂದಲೋ ತಿಂಗಳಿಗಿಷ್ಟು ಎಂದು ಬರೆದೇ ಕೊಡಬೇಕು, ನಾಚಿಕೆಯಿಲ್ಲದೆ. ಸೇವೆಗೆ ಕೂಲಿ ಈಗಲೇ ಸಿಕ್ಕರೆ ಕೊನೆಗೆ ಹೊಲವೇ ಕೂಲಿಯಾಗಬೇಕಿಲ್ಲ.

‘ಮನ್ಯಾಗ ಲೆಕ್ಕಾ ಬರೀತಾರೇನು?’ ಎಂಬ ಆಕ್ಷೇಪ ಮೊದಲು ಬರುತ್ತದೆ. ಬರೆಯದಿದ್ದರೆ ಆಮೇಲೆ ಕೋರ್ಟಿನಲ್ಲಿ ಹೇಳಬೇಕಾಗುತ್ತದೆ, ಮತ್ತು ಹೇಳಬೇಕಾದವರು ಹೆಚ್ಚಾಗಿ ಆರೈಕೆ ಮಾಡಿದವರೇ. ಅವ್ವನ ಪಾಟಲಿ ಎಲ್ಲಿ, ಪಿಂಚಣಿ ಎಲ್ಲಿ ಎಂದು ದೂರದಿಂದ ಬಂದವರು ಕೇಳುವುದು ಮೈ ತೊಳೆದವಳನ್ನೇ. ಮರಾಠಾ ಲಘು ಪದಾತಿದಳದ ಊರಾದ ಬೆಳಗಾವಿಯಲ್ಲಿ ಸೈನ್ಯದ ಪಿಂಚಣಿ ಬರುವ ಮನೆಗಳು ಬಹಳ. ಪ್ರತಿ ನವೆಂಬರಿನಲ್ಲಿ ಜೀವಿತ ಪ್ರಮಾಣಪತ್ರಕ್ಕೆ ಅಜ್ಜನನ್ನು ಯಾರು ಕರೆದೊಯ್ಯಬೇಕು ಎಂಬುದೇ ಪೈಪೋಟಿಯಾಗಬಲ್ಲದು. ಆಸ್ತಿಯಿಲ್ಲದ ಮನೆಗಳಿಗೆ ಇದೆಲ್ಲ ಸಂಬಂಧಿಸಿದ್ದಲ್ಲ ಎನ್ನುವಂತೆಯೂ ಇಲ್ಲ. ಸಂಧ್ಯಾ ಸುರಕ್ಷಾ ಪಿಂಚಣಿಯ 1,200 ರೂಪಾಯಿಯ ಪಾಸ್‌ಬುಕ್ಕೂ ಯಾರದೋ ಒಬ್ಬರ ಸೊಂಟದಲ್ಲಿರುತ್ತದೆ.

ಎರಡನೆಯ ಆಕ್ಷೇಪ ಹೆಚ್ಚು ತೂಕದ್ದು. ಏನೂ ಮಾಡದ ಪುಣೆಯ ಮಗನಿಗೆ ಆಸ್ತಿಯ ಮೇಲೆ ಹಿಡಿತ ಕೊಟ್ಟರೆ ಮಾಡಿದವರಿಗೆ ಅನ್ಯಾಯವಲ್ಲವೇ? ಹಿಡಿತ ಎಂದರೆ ಇಲ್ಲಿ ಮಾರುವ ಅಧಿಕಾರವಲ್ಲ, ಮಾರದಂತೆ ತಡೆಯುವ ಮತ್ತು ಲೆಕ್ಕ ಕೇಳುವ ಅಧಿಕಾರ. ಅವನೂ ಲೆಕ್ಕ ಕೊಡಬೇಕು. ಇನ್ನು ಅನ್ಯಾಯದ ಮಾತು. ‘ನೋಡಿಕೊಂಡವರಿಗೆ ಹೊಲ’ ಎಂಬ ಸೂತ್ರದಲ್ಲಿ ಹೊಲ ಸೇರುವುದು ಯಾರಿಗೆ? ಉಣಿಸುವ, ಹಾಸಿಗೆ ಬದಲಿಸುವ, ರಾತ್ರಿ ಎದ್ದು ಬಾಗಿಲತ್ತ ಹೊರಟವರನ್ನು ಹಿಡಿದು ತರುವ ಕೆಲಸ ಬಹುತೇಕ ಸೊಸೆಯದು. ಉತಾರದಲ್ಲಿ ಏರುವುದು ಅವಳ ಗಂಡನ ಹೆಸರು. ಗಂಡ ಬದುಕಿರುವಷ್ಟು ದಿನ ಅತ್ತೆ-ಮಾವನ ವಾರಸುದಾರರ ಪಟ್ಟಿಯಲ್ಲಿ ಅವಳಿಲ್ಲ. ತಿಂಗಳ ಸಂಭಾವನೆ ಅವಳ ಖಾತೆಗೇ ಬಂದರೆ ಹಳೆಯ ಸೂತ್ರಕ್ಕಿಂತ ಅದೇ ಹೆಚ್ಚು ನ್ಯಾಯ.

ಎಲ್ಲರೂ ಪಾಳಿ ಹಚ್ಚಿಕೊಂಡರೆ ಸಮಾನವಾಯಿತಲ್ಲ ಎನ್ನುವವರಿದ್ದಾರೆ. ಮಕ್ಕಳಿಗೆ ಸಮಾನ, ನಿಜ. ಆದರೆ ಡಿಮೆನ್ಷಿಯಾ ಇರುವವರಿಗೆ ಪರಿಚಿತ ಗೋಡೆ, ಪರಿಚಿತ ಬಚ್ಚಲು, ಒಂದೇ ದಿನಚರಿಯೇ ಆಸರೆ. ತಿಂಗಳಿಗೊಮ್ಮೆ ಮನೆ ಬದಲಿಸಿದರೆ ದಿಗ್ಭ್ರಮೆ, ಕಂಗಾಲು ಹೆಚ್ಚುತ್ತದೆ. ಪಾಳಿ ಹಚ್ಚುವುದಾದರೆ ಮಕ್ಕಳು ಅವ್ವನ ಮನೆಗೆ ಪಾಳಿಯಲ್ಲಿ ಬರಲಿ. ಪತ್ರದ ಅರ್ಥ ತಿಳಿಯದವಳಿಗೂ ತಾನು ಯಾವ ಮನೆಯಲ್ಲಿ ಮಲಗಬೇಕೆಂಬುದು ಬಹುಕಾಲ ತಿಳಿದಿರುತ್ತದೆ, ಅದನ್ನು ಅವಳ ಭಾಷೆಯಲ್ಲೇ ಕೇಳಬೇಕು. 2007ರ ಹಿರಿಯ ನಾಗರಿಕರ ಕಾಯ್ದೆಯ ನ್ಯಾಯಮಂಡಳಿ ಇಂಥ ಹಿರಿಯರ ನೆರವಿಗೆ ಒದಗಬಹುದು. ದೂರು ಹೇಳಲಾಗದ ಹಿರಿಯರ ಪರವಾಗಿ ಅದು ತಾನಾಗಿಯೇ ಪ್ರಕರಣ ಕೈಗೆತ್ತಿಕೊಳ್ಳಬಹುದು. ಆರೈಕೆಯ ಷರತ್ತಿನ ಮೇಲೆ ಕೊಟ್ಟ ದಾನಪತ್ರವನ್ನು ರದ್ದುಮಾಡುವ ಅಧಿಕಾರವೂ ಅದಕ್ಕಿದೆ. ಆದರೆ ಷರತ್ತು ಇತ್ತೆಂದು ಸಾಬೀತಾಗಬೇಕು ಎಂದು ಸುಪ್ರೀಂ ಕೋರ್ಟ್ 2022ರಲ್ಲಿ ಹೇಳಿತು. 2025ರ ಜನವರಿಯಲ್ಲಿ ಇನ್ನೊಂದು ಪ್ರಕರಣದಲ್ಲಿ ಕಾಯ್ದೆಯನ್ನು ಉದಾರವಾಗಿ ಓದಬೇಕೆಂದಿತು. ಕೊಟ್ಟವಳಿಗೇ ನೆನಪಿಲ್ಲದಾಗ ಷರತ್ತು ಕಾಗದದ ಮೇಲಿದ್ದರಷ್ಟೇ ಉಪಯೋಗ. ಖಾನಾಪುರದ ಯಾವುದೇ ಪತ್ರಬರಹಗಾರ ಅದನ್ನು ಎರಡು ಸಾಲಿನಲ್ಲಿ ಬರೆದುಕೊಡಬಲ್ಲ, ಅಜ್ಜಿ ಇನ್ನೂ ಓದಿಸಿ ಕೇಳಬಲ್ಲವಳಾಗಿರುವಾಗ ಕರೆದೊಯ್ದರೆ.