ಹಂಡೆ, ತೊಟ್ಟಿಲು, ತಾಳೆಗರಿ

ತೊಟ್ಟಿಮನೆ ಬಿಟ್ಟು ಎರಡು ಕೋಣೆಯ ಫ್ಲ್ಯಾಟಿಗೆ ಹೊರಟವರಿಗೆ ಮೊದಲು ಎದುರಾಗುವುದು ಅಟ್ಟ. ತಾಮ್ರದ ಹಂಡೆ, ಮದುವೆ ಅಡುಗೆಯ ಕೊಪ್ಪರಿಗೆ, ಮೂರು ತಲೆಮಾರು ತೂಗಿದ ತೊಟ್ಟಿಲು. ಯಾವುದನ್ನು ಬಿಡುವುದು?

ಸ್ವೀಡನ್ನಿನ ಕಲಾವಿದೆ ಮಾರ್ಗರೆಟಾ ಮ್ಯಾಗ್ನುಸನ್ 2017ರ ತಮ್ಮ ಪುಸ್ತಕದಲ್ಲಿ ಹೇಳಿದ ಕ್ರಮ ನಮಗೂ ಒಗ್ಗುತ್ತದೆ: ದೊಡ್ಡ ಸಾಮಾನಿನಿಂದ ಶುರುಮಾಡಿ, ಫೋಟೊ, ಪತ್ರಗಳನ್ನು ಕೊನೆಗಿಡಿ. ಮೊದಲೇ ಆಲ್ಬಮ್ ತೆರೆದರೆ ದಿನವೆಲ್ಲ ಅದರಲ್ಲೇ ಕಳೆದುಹೋಗುತ್ತದೆ. ಹೊಸ ಮನೆಯ ಬಾಗಿಲು, ಲಿಫ್ಟಿನ ಅಳತೆ ಹಿಡಿದರೆ ಮಂಚ, ಬೀರುವಿನ ಪ್ರಶ್ನೆ ಅರ್ಧ ತೀರುತ್ತದೆ.

ಬಿಟ್ಟದ್ದೆಲ್ಲ ಗುಜರಿಗೇ ಹೋಗಬೇಕಿಲ್ಲ. ಕೊಪ್ಪರಿಗೆ ಊರ ದೇವಸ್ಥಾನದ ಅಡುಗೆಮನೆಗೆ ಸಲ್ಲಲಿ. ತಾಳೆಗರಿಯ ಕಟ್ಟು ಸಿಕ್ಕರಂತೂ ಎಸೆಯಲೇಬೇಡಿ; ಮೈಸೂರಿನ ಪ್ರಾಚ್ಯ ವಿದ್ಯಾ ಸಂಶೋಧನಾಲಯದವರಿಗೆ ತೋರಿಸಿ. ತಂಜಾವೂರು ಸೀಮೆಯ ಪಂಡಿತರೊಬ್ಬರು ಅಲ್ಲಿಗೆ ತಂದುಕೊಟ್ಟ ಗರಿಗಳಲ್ಲೇ 1905ರಲ್ಲಿ ಅಲ್ಲಿನ ವಿದ್ವಾಂಸ ಆರ್. ಶಾಮಶಾಸ್ತ್ರಿಗಳಿಗೆ ಕೌಟಿಲ್ಯನ ಅರ್ಥಶಾಸ್ತ್ರ ಸಿಕ್ಕಿತ್ತು.